ಮೂರರ ಮಗ್ಗಿ

ವಿಂಡೋಸ್ ಡೆಸ್ಕ್‌ಟಾಪ್ ಅಪ್ಲಿಕೇಶನ್ ಅಂದ್ರೆ ನಮ್ಮ ಟೀಮಿಗೆ ಹೊಸದಾಗಿ ಬಂದ ಹುಡುಗರು ಒಂಥರಾ ನಗ್ತಾರೆ. ಅವರ ಪಾಲಿಗೆ ಅದು ಅಜ್ಜನ ಕಾಲದ ಕಬ್ಬಿಣದ ಪೆಟ್ಟಿಗೆ. ಎಲ್ಲ ಬ್ರೌಸರಿನಲ್ಲೇ ಆಗುವಾಗ, ಕ್ಲೌಡಿನಲ್ಲೇ ಇರುವಾಗ, ಇನ್ನೂ ಯಾರು ಸಾರ್ ಅದನ್ನೆಲ್ಲ ಬಳಸ್ತಾರೆ ಅಂತ ಕೇಳ್ತಾರೆ. ನಾನು ವಾದಕ್ಕೆ ಹೋಗಲ್ಲ. ಸಂಜೆ ಮನೆಗೆ ಹೋಗುವಾಗ ಮೆಡಿಕಲ್ ಶಾಪಿನ ಕೌಂಟರಿನ ಆಚೆ ಕಡೆಗೆ ಒಂದು ಸಲ ಇಣುಕಿ ನೋಡಿ ಅಂತೀನಿ. ಬೂದು ಬಣ್ಣದ ಕಿಟಕಿ, ಅದರ ತುಂಬ ಚೌಕ ಚೌಕ ಡಬ್ಬಿಗಳು, ಬಲಗಡೆ ಮೂಲೆಯಲ್ಲಿ ಒಂದು ಸೇವ್ ಬಟನ್. ಲ್ಯಾಬಿನ ರಿಪೋರ್ಟ್, ಅಕ್ಕಿ ಗಿರಣಿಯ ತೂಕದ ಚೀಟಿ, ಸೊಸೈಟಿಯ ಸಾಲದ ಲೆಕ್ಕ, ಎಷ್ಟೋ ಕಡೆ ಇವತ್ತಿಗೂ ಆ ಬೂದು ಕಿಟಕಿಯ ಹಿಂದೆಯೇ ನಡೀತಿದೆ.

ಬಿಇ ಮುಗಿಸಿ ಬೆಂಗಳೂರಿಗೆ ಬಂದಾಗ ನನಗೆ ಸಿಕ್ಕ ಮೊದಲ ಕೆಲಸವೂ ಅದೇ. ವಿಂಡೋಸ್ ಫಾರ್ಮ್ಸ್. 2002ರಲ್ಲಿ ಡಾಟ್ ನೆಟ್ ಜೊತೆ ಹುಟ್ಟಿದ್ದು. ಡಬ್ಬಿಯೊಂದನ್ನು ಎಳೆದು ತಂದು ಫಾರ್ಮಿನ ಮೇಲೆ ಬಿಟ್ಟರೆ ಸಾಕು, ಸ್ಕ್ರೀನ್ ರೆಡಿ. ಹೊಸದಾಗಿ ಬರೆಯುವ ಭಾಗ್ಯ ನನಗಿರಲಿಲ್ಲ, ಬೇರೆಯವರು ಬರೆದಿದ್ದನ್ನು ರಿಪೇರಿ ಮಾಡೋದೇ ಎರಡು ವರ್ಷ. ಬೆಳಗ್ಗೆ ಚೆನ್ನಾಗಿ ಓಡುವ ಒಂದು ಪ್ರೋಗ್ರಾಂ ಸಂಜೆ ನಾಲ್ಕರ ಹೊತ್ತಿಗೆ ಸರಿಯಾಗಿ ಕೈ ಕೊಡ್ತಿತ್ತು. ಡಬ್ಬಿಗಳು ಇರಬೇಕಾದ ಜಾಗದಲ್ಲಿ ಕೆಂಪು ಗೆರೆಯ ಗುಣಾಕಾರ ಚಿಹ್ನೆ, ಆಮೇಲೆ ಕಿಟಕಿಯ ಹ್ಯಾಂಡಲ್ ಸೃಷ್ಟಿಸಲು ಆಗುತ್ತಿಲ್ಲ ಅನ್ನೋ ಎರರ್, ಆಮೇಲೆ ಸಾವು. ಎಲ್ಲರೂ ಮೆಮರಿ ನೋಡಿ, ಬೇಕಾದಷ್ಟಿದೆಯಲ್ಲ ಅಂತ ತಲೆ ಕೆರ್ಕೊಳ್ತಿದ್ರು. ಟಾಸ್ಕ್ ಮ್ಯಾನೇಜರಿನಲ್ಲಿ ಯೂಸರ್ ಆಬ್ಜೆಕ್ಟ್ಸ್ ಅನ್ನೋ ಕಾಲಂ ಒಂದಿದೆ, ತಾನಾಗಿ ಕಾಣಲ್ಲ, ನಾವೇ ಆರಿಸಿ ತರಬೇಕು. ಅದನ್ನು ತಂದು ನೋಡಿದರೆ ಸಂಖ್ಯೆ ಏರುತ್ತಾ ಏರುತ್ತಾ 10,000ದ ಹತ್ತಿರ ಬಂದು ನಿಂತಿತ್ತು. ಒಂದು ಪ್ರೋಗ್ರಾಮಿಗೆ ವಿಂಡೋಸ್ ಕೊಡೋ ರೇಷನ್ ಅಷ್ಟೇ. ನಮ್ಮಲ್ಲಿ ಹಿಂದೆ ಯಾರೋ ಹಳೇ ಡಬ್ಬಿಗಳನ್ನು ತೆಗೆಯೋಕೆ ಕಂಟ್ರೋಲ್ಸ್ ಕ್ಲಿಯರ್ ಅಂತ ಒಂದು ಸಾಲು ಬರೆದು ಕೈ ತೊಳ್ಕೊಂಡಿದ್ದರು. ಅದು ಡಬ್ಬಿಯನ್ನು ಕಣ್ಣಿಂದ ಮರೆ ಮಾಡುತ್ತೆ, ಆದರೆ ಅದರ ಹ್ಯಾಂಡಲನ್ನು ಬಿಡಿಸಲ್ಲ. ಡಿಸ್ಪೋಸ್ ಅಂತ ಬಾಯಿಬಿಟ್ಟು ಹೇಳಬೇಕು. ಮದುವೆಗೆ ಬಂದ ನೆಂಟರನ್ನು ಪಡಸಾಲೆಯಿಂದ ಎಬ್ಬಿಸಿ ಹಿತ್ತಲಿಗೆ ಕಳಿಸಿದ ಹಾಗೆ. ಪಡಸಾಲೆ ಖಾಲಿ, ಊಟದ ಲೆಕ್ಕ ಮಾತ್ರ ಹಾಗೇ ಏರ್ತಾ ಇರುತ್ತೆ.

ಆ ಕೆಲಸ ಬಿಟ್ಟು ಹತ್ತು ವರ್ಷದ ಮೇಲಾಯ್ತು. ಅದರ ವಿದ್ಯೆ ಮತ್ತೆ ಬೇಕಾಗಿದ್ದು ಆಫೀಸಿನಲ್ಲಲ್ಲ, ನಮ್ಮೂರಿನ ಹಾಲಿನ ಡೈರಿಯಲ್ಲಿ.

ಊರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಅಂದ್ರೆ ಕರೆಂಟಿನ ವೈರಿರುವ ಎಲ್ಲದರ ಡಾಕ್ಟರ್. ಮಿಕ್ಸಿ, ಟಿವಿ ರಿಮೋಟ್, ಪಂಪ್‌ಸೆಟ್ಟಿನ ಸ್ಟಾರ್ಟರ್, ಎಲ್ಲ ನನ್ನ ಹತ್ತಿರ ಬಂದಿವೆ. ಆದ್ದರಿಂದ ಅಪ್ಪ ಫೋನ್ ಮಾಡಿ "ಡೈರಿ ಕಂಪ್ಯೂಟ್ರು ಹಾಲು ಕುಡೀತಾ ಐತೆ, ಬಂದು ನೋಡು" ಅಂದಾಗ ನಾನು ನಕ್ಕೆ. ಅಪ್ಪ ನಗಲಿಲ್ಲ. "ಆ ಹುಡುಗಿ ಮೇಲೆ ಮಾತು ಬಂದೈತೆ ಕಣಪ್ಪ. ಸೋಮವಾರ ಮೀಟಿಂಗು" ಅಂದರು.

ಆ ಹುಡುಗಿ ಅಂದ್ರೆ ಡೈರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳೋಳು. ಪಿಯುಸಿ ಆಗಿದೆ, ತಾಲ್ಲೂಕಿನಲ್ಲಿ ಮೂರು ತಿಂಗಳ ಕಂಪ್ಯೂಟರ್ ಕೋರ್ಸ್ ಮಾಡಿದ್ದಾಳೆ. ದೂರದ ಸಂಬಂಧ, ನನ್ನನ್ನ ಅಣ್ಣ ಅಂತಾಳೆ. ಮೊದಲು ಆ ಸೀಟಿನಲ್ಲಿದ್ದ ಸೆಕ್ರೆಟರಿ ರಿಟೈರ್ ಆದ ಮೇಲೆ ಬಂದವಳು. ಅವಳು ಬಂದ ನಾಲ್ಕೈದು ತಿಂಗಳಿಗೆ ಶುರುವಾದ ಗುಸುಗುಸು: ತೂಕದ ಯಂತ್ರದ ಕೆಂಪು ಅಂಕಿ ಒಂದು ಹೇಳುತ್ತೆ, ಪ್ರಿಂಟಾಗಿ ಬರೋ ಚೀಟಿ ಇನ್ನೊಂದು ಹೇಳುತ್ತೆ. ಎಲ್ಲರಿಗೂ ಅಲ್ಲ, ಎಲ್ಲ ದಿನವೂ ಅಲ್ಲ. ಒಂದೊಂದು ಸಲ. ಹಳೇ ಸೆಕ್ರೆಟರಿ ಕಾಲದಲ್ಲಿ ಹಿಂಗೆ ಯಾವತ್ತೂ ಆಗಿರಲಿಲ್ಲ ಅನ್ನೋದು ಊರಿನ ವಾದ. ವಾದದ ಮುಂದಿನ ಹೆಜ್ಜೆ ಏನು ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಸಾಫ್ಟ್‌ವೇರ್ ಮಾರಿದ ಕಂಪನಿಗೆ (ಹೆಸರು ಬೇಡ) ಕಮಿಟಿಯವರು ಫೋನ್ ಮಾಡಿದ್ದರಂತೆ. ಅವರು ತಮ್ಮ ಆಫೀಸಿನಲ್ಲಿ ಪರೀಕ್ಷೆ ಮಾಡಿದ್ದಾರೆ, ಏನೂ ತೊಂದರೆ ಕಂಡಿಲ್ಲ. "ಆಪರೇಟರ್ ಮಿಸ್ಟೇಕ್ ಇರ್ಬೇಕು" ಅಂತ ಹೇಳಿ ಇಟ್ಟಿದ್ದಾರೆ. ನಮ್ಮ ಕಸುಬಿನಲ್ಲಿ ಇಷ್ಟು ಸಲೀಸಾಗಿ ಬಾಯಿಗೆ ಬರೋ ಮಾತು ಇನ್ನೊಂದಿಲ್ಲ. ಬೆಂಗಳೂರಿನ ಮೀಟಿಂಗ್ ರೂಮಿನಲ್ಲಿ ಅದು ಒಂದು ಟಿಕೆಟ್ ಮುಚ್ಚುವ ಸಾಲು. ಊರಲ್ಲಿ ಅದನ್ನ ಕನ್ನಡಕ್ಕೆ ತಂದರೆ, ಆ ಹುಡುಗಿ ಕದ್ದಿದ್ದಾಳೆ ಅಂತ.

ಶನಿವಾರ ಬೆಳಗ್ಗೆ ಊರಿಗೆ ಹೋದೆ. ಮೊದಲು ಡೈರಿಗೆ ಹೋಗಲಿಲ್ಲ, ಮನೆಯ ಕ್ಯಾಲೆಂಡರ್ ನೋಡಿದೆ. ಹಾಲು ಹಾಕುವ ಮನೆಗಳಲ್ಲಿ ಕ್ಯಾಲೆಂಡರ್ ಅಂದ್ರೆ ಲೆಡ್ಜರ್. ತಾರೀಖಿನ ಕೆಳಗೆ ಬೆಳಗ್ಗೆದು ಒಂದು ಅಂಕಿ, ಸಂಜೆದು ಒಂದು ಅಂಕಿ. ಅಮ್ಮ ಯಂತ್ರದ ಕೆಂಪು ಅಂಕಿ ನೋಡಿಕೊಂಡು ಬಂದು, ಖಾಲಿ ಕ್ಯಾನು ಕೆಳಗಿಡೋಕೆ ಮುಂಚೆ ಅದನ್ನ ಬರೀತಾಳೆ. ಚೀಟಿಗಳೆಲ್ಲ ಒಂದು ತಂತಿಗೆ ಸಿಕ್ಕಿಸಿದ್ದಾಳೆ. ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಕೂತೆ. ಪಕ್ಕದ ಐದಾರು ಮನೆಯಿಂದಲೂ ತಗಾದೆಯ ಚೀಟಿ ತರಿಸಿದೆ. ಒಟ್ಟು 17 ಚೀಟಿ ತಾಳೆ ಆಗಲಿಲ್ಲ.

ವ್ಯತ್ಯಾಸ ಬರೆದುಕೊಂಡು ಹೋದೆ. 0.3. 0.3. 0.6. 0.3. 0.9. ಮತ್ತೆ 0.3. ಹದಿನೇಳರಲ್ಲಿ ಹನ್ನೊಂದು 0.3, ಐದು 0.6, ಒಂದು 0.9. ಒಂದೇ ಒಂದು 0.2 ಇಲ್ಲ, 0.5 ಇಲ್ಲ. ಕದಿಯೋ ಮನುಷ್ಯ ಇಷ್ಟು ಶಿಸ್ತಾಗಿ ಮೂರರ ಮಗ್ಗಿ ಹೇಳ್ತಾ ಕದಿಯಲ್ಲ. ಕೈ ತಪ್ಪಿ ಟೈಪ್ ಮಾಡಿದರೂ ಹೀಗಾಗಲ್ಲ, 6.4 ಹೋಗಿ 4.6 ಆಗಬಹುದು, 64 ಆಗಬಹುದು, ಮೂರು ಮೂರೇ ಇಳಿಯಲ್ಲ.

ಇನ್ನೊಂದು ವಿಷಯ. ಚೀಟಿಯ ಮೇಲೆ ಟೈಮ್ ಪ್ರಿಂಟಾಗುತ್ತೆ. ಹೆಚ್ಚು ಕಡಿಮೆ ಎಲ್ಲವೂ ಆರೂವರೆಯಿಂದ ಏಳು ಗಂಟೆ ಒಳಗಿನವು, ಅಂದ್ರೆ ಕ್ಯೂ ಬಾಗಿಲು ದಾಟಿ ಅರಳೀಕಟ್ಟೆವರೆಗೂ ಇರೋ ಹೊತ್ತು. ತಗಾದೆ ಮಾಡದವರ ಮನೆಗಳಿಗೂ ಎರಡು ಕಡೆ ಹೋಗಿ ತಂತಿ ಇಳಿಸಿ ನೋಡಿದೆ. ಅಲ್ಲಿ ನಾಲ್ಕು ಚೀಟಿಯಲ್ಲಿ 0.3 ಜಾಸ್ತಿ ಬಂದಿತ್ತು! ಕಡಿಮೆ ಬಂದವನು ಜಗಲಿ ಮೇಲೆ ಕೂತು ಹೇಳ್ತಾನೆ, ಜಾಸ್ತಿ ಬಂದವನು ಚೀಟಿನ ತಂತಿಗೆ ಸಿಕ್ಕಿಸಿ ಸುಮ್ಮನಿರ್ತಾನೆ. ಬಗ್ ರಿಪೋರ್ಟುಗಳ ಹಣೆಬರಹವೇ ಇಷ್ಟು, ಅರ್ಧ ಮಾತ್ರ ನಮ್ಮ ಕಿವಿಗೆ ಬೀಳುತ್ತೆ.

ಇವುಗಳ ಮಧ್ಯೆ ಒಂದು ವಿಚಿತ್ರದ ಚೀಟಿ. ಹಾಲಿನ ವಿಧ: ಎಮ್ಮೆ. ಆ ಮನೆಯ ಯಜಮಾನರು ಅದನ್ನ ಊರಿಗೆಲ್ಲ ತೋರಿಸಿ, "ನಮ್ಮನೇಲಿ ಎಮ್ಮೆ ಕಟ್ಟಿ ಹದಿನಾಲ್ಕು ವರ್ಷ ಆಯ್ತು, ಇದ್ಯಾವುದಪ್ಪ ಕಂಪ್ಯೂಟ್ರು ಎಮ್ಮೆ" ಅಂತ ನಗಿಸ್ತಿದ್ದರು. ನನಗೆ ಆ ಎಮ್ಮೆಯೇ ದಾರಿ ತೋರಿಸಿದ್ದು. ಎಮ್ಮೆ ಅಂತ ಮಾಡಿ ಯಾರಿಗೂ ಯಾವ ಲಾಭವೂ ಇಲ್ಲ. ಹಸು, ಎಮ್ಮೆ ಎರಡೇ ಆಯ್ಕೆ ಇರುವ ಆ ಡಬ್ಬಿ ಕಾಂಬೋ ಬಾಕ್ಸ್ ಆಗಿದ್ದರೆ, ಯಾರೂ ಬೇಕು ಅಂತ ಮುಟ್ಟದೆ ಅದು ಬದಲಾಗೋಕೆ ನನಗೆ ಗೊತ್ತಿದ್ದ ದಾರಿ ಒಂದೇ.

ಭಾನುವಾರ ಬೆಳಗ್ಗೆ ಆರಕ್ಕೆ ಡೈರಿಯಲ್ಲಿ ಅವಳ ಪಕ್ಕ ಒಂದು ಸ್ಟೂಲ್ ಹಾಕ್ಕೊಂಡು ಕೂತೆ. "ನಾನು ಏನೂ ಕೇಳಲ್ಲ ಕಣಮ್ಮ, ದಿನಾ ಹೆಂಗೆ ಮಾಡ್ತೀಯೋ ಹಂಗೇ ಮಾಡ್ತಾ ಹೋಗು" ಅಂದೆ. ಅವಳು ತಲೆ ಎತ್ತಲಿಲ್ಲ. ಕೈ ಸ್ವಲ್ಪ ನಡುಗ್ತಾ ಇತ್ತು. ಈ ಕಸುಬಿನಲ್ಲಿ ನಾನು ಯಾರಿಗಾದರೂ ಒಂದೇ ಒಂದು ಮಾತು ಹೇಳಿಕೊಡಬಹುದು ಅಂದ್ರೆ ಅದು ಇದೇ ಸ್ಟೂಲು. ಲಾಗ್ ಫೈಲ್ ಓದಿ, ಸ್ಕ್ರೀನ್‌ಶಾಟ್ ತರಿಸಿಕೊಂಡು, ರಿಮೋಟಿನಲ್ಲಿ ಹೊಕ್ಕು ನೋಡಿದರೂ ಬಳಸುವವರ ಬಲಗೈ ಏನು ಮಾಡ್ತಿದೆ ಅನ್ನೋದು ಕಾಣಲ್ಲ.

ಸ್ಕ್ರೀನ್ ಹೀಗಿತ್ತು. ಮೇಲೆ ಸದಸ್ಯರ ನಂಬರ್. ಅದರ ಕೆಳಗೆ ಹಸು ಅಥವಾ ಎಮ್ಮೆ. ಆಮೇಲೆ ಲೀಟರ್. ತೂಕದ ಯಂತ್ರದಿಂದ ಸೀರಿಯಲ್ ಕೇಬಲಿನಲ್ಲಿ ಅಂಕಿ ಬಂದು ಆ ಡಬ್ಬಿಯೊಳಗೆ ತಾನಾಗಿ ಕೂರುತ್ತೆ. ಕೂತ ಕೂಡಲೇ ಕರ್ಸರೂ ಅಲ್ಲಿಗೇ ಬಂದು ನಿಲ್ಲುತ್ತೆ. ಅದರ ಕೆಳಗೆ ಫ್ಯಾಟ್. ಹಾಲು ಪರೀಕ್ಷೆಯ ಯಂತ್ರದಿಂದ ಫಲಿತಾಂಶ ಬರೋಕೆ ಸ್ವಲ್ಪ ಹೊತ್ತು ಬೇಕು, ಬಂದ ಮೇಲೆ ಕರ್ಸರ್ ಫ್ಯಾಟಿಗೆ ಇಳಿಯುತ್ತೆ. ಕಟ್ಟಕಡೆಗೆ ಒಟ್ಟು ಮೊತ್ತ ಮತ್ತು ಸೇವ್ ಬಟನ್. ಒಟ್ಟು ಮೊತ್ತ ಅನ್ನೋದು ಅಲ್ಲಿ "ಒಟು ಮೊತ" ಆಗಿತ್ತು ಅನ್ನಿ. ಇಂಗ್ಲಿಷಿನ ಎತ್ತರಕ್ಕೆ ಅಳತೆ ಮಾಡಿದ ಲೇಬಲ್ಲಿನೊಳಗೆ ಕನ್ನಡ ತುಂಬಿದರೆ ಮೊದಲು ಹೋಗೋದು ಒತ್ತಕ್ಷರವೇ. ಇದು ಎಷ್ಟು ಕಡೆ ನೋಡಿದ್ದೀನೋ! ನಮ್ಮ ಭಾಷೆಗೆ ಕೆಳಗೆ ಕಾಲು ಚಾಚೋಕೆ ಸ್ವಲ್ಪ ಜಾಗ ಬೇಕು ಅಂತ ಯಾರಿಗೂ ನೆನಪಾಗಲ್ಲ.

ಇರಲಿ. ನಾನು ನೋಡ್ತಿದ್ದಿದ್ದು ಸೇವ್ ಬಟನ್ ಎಲ್ಲಿದೆ ಅಂತ. ಅದು ಸ್ಕ್ರೀನಿನಲ್ಲೇ ಇರಲಿಲ್ಲ. ಕೆಳಗೆ ಮುಚ್ಚಿಹೋಗಿತ್ತು, ಸ್ಕ್ರೋಲ್ ಮಾಡಿದರೆ ಮಾತ್ರ ಸಿಗೋದು. "ಮೊದಲಿಂದಾನೂ ಹಿಂಗೇನಾ?" ಅಂದೆ. "ಇಲ್ಲ ಅಣ್ಣ, ಹಳೇ ಮಾನಿಟರ್ ಚೌಕಾಗಿತ್ತು. ಅದು ಸುಟ್ಟೋಯ್ತು ಅಂತ ಕಮಿಟಿಯವರು ಇದನ್ನ ತಂದ್ರು" ಅಂದಳು. ಹಳೇದು 1280ಕ್ಕೆ 1024ರದ್ದು, ಹೊಸದು 1366ಕ್ಕೆ 768. ಅಗಲ ಜಾಸ್ತಿ, ನೋಡೋಕೆ ಟಿವಿ ಥರ ಚೆಂದ, ಆದರೆ ಎತ್ತರದಲ್ಲಿ 256 ಗೆರೆ ಕಮ್ಮಿ. ಆ 256 ಗೆರೆಯಲ್ಲಿ ಸೇವ್ ಬಟನ್ ಮುಳುಗಿತ್ತು. ಹಳೇ ಸೆಕ್ರೆಟರಿ ಮೌಸ್ ಮುಟ್ಟುತ್ತಲೇ ಇರಲಿಲ್ಲವಂತೆ, ಎಲ್ಲ ಕೀಬೋರ್ಡಿನಲ್ಲೇ, ಟ್ಯಾಬ್ ಒತ್ತಿ ಎಂಟರ್ ಹೊಡೆಯೋದು. ಇವಳು ಕಲಿತಿದ್ದೇ ಮೌಸಿನಲ್ಲಿ. ಹಳೇ ಸೆಕ್ರೆಟರಿ ಕಾಲದಲ್ಲಿ ಆಗ್ತಿರಲಿಲ್ಲ ಅನ್ನೋ ಊರಿನ ಮಾತು ನಿಜವೇ, ಅದರಿಂದ ಅವರು ತೆಗೆದ ಅರ್ಥ ಮಾತ್ರ ಬೇರೆ.

ಆರು ಗಂಟೆಯಿಂದ ಆರೂವರೆವರೆಗೆ ಏನೂ ಆಗಲಿಲ್ಲ. ಒಬ್ಬೊಬ್ಬರೇ ಬರ್ತಿದ್ದರು. ತೂಕ ಬಂತು, ಫ್ಯಾಟ್ ಬಂತು, ಚಕ್ರ ತಿರುಗಿಸಿ ಕೆಳಗೆ ಹೋದಳು, ಸೇವ್. ಆರೂ ಮುಕ್ಕಾಲಿಗೆ ಕ್ಯೂ ಉದ್ದ ಆಯ್ತು. "ಬೇಗ ಬಿಡಮ್ಮೋ, ಬಸ್ಸಿಗೆ ಹೊತ್ತಾಯ್ತು" ಅಂತ ಹಿಂದಿನಿಂದ ಕೂಗು. ಆಗ ಅವಳು ಫ್ಯಾಟ್ ಬರೋ ತನಕ ಕಾಯದೆ, ಸೇವ್ ಬಟನ್ ಹತ್ತಿರ ಹೋಗಿ ರೆಡಿ ಇರೋಣ ಅಂತ ಮೌಸಿನ ಚಕ್ರವನ್ನ ಒಂದು ಹಲ್ಲು ತಿರುಗಿಸಿದಳು. ಪುಟ ಇಳಿಯಲಿಲ್ಲ. ಮೌಸ್ ಹಳೇದು, ಒಂದೊಂದು ಸಲ ಹಂಗೇ ಅಂದುಕೊಂಡು ಪಕ್ಕದ ಸ್ಕ್ರೋಲ್ ಬಾರ್ ಹಿಡಿದು ಎಳೆದಳು. ಲೀಟರಿನ ಡಬ್ಬಿ ಮೇಲೆ ಮರೆಯಾಯ್ತು. ಮರೆಯಾಗೋ ಮುಂಚೆ ನಾನು ನೋಡಿದೆ. 7.2 ಇದ್ದದ್ದು 6.9 ಆಗಿತ್ತು.

"ಸೇವ್ ಒತ್ತಬೇಡ, ನಿಲ್ಲು" ಅಂದೆ.

ಒಳಗೆ ನಡೆಯೋದು ಇಷ್ಟು. ವಿಂಡೋಸಿನಲ್ಲಿ ಮೌಸಿನ ಚಕ್ರ ತಿರುಗಿದಾಗ ಒಂದು ಸಂದೇಶ ಹೊರಡುತ್ತೆ. ಆ ಡೈರಿಯಲ್ಲಿದ್ದ ವಿಂಡೋಸ್ 7ರಲ್ಲಿ ಅದು ಹೋಗೋದು ಮೌಸಿನ ಬಾಣ ಎಲ್ಲಿದೆಯೋ ಅಲ್ಲಿಗಲ್ಲ, ಫೋಕಸ್ ಯಾರ ಹತ್ತಿರ ಇದೆಯೋ ಅವರಿಗೆ. ಅವರಿಗೆ ಬೇಡವಾದರೆ ಅವರ ಪೇರೆಂಟ್ ವಿಂಡೋಗೆ, ಅವರಿಗೂ ಬೇಡವಾದರೆ ಅವರ ಪೇರೆಂಟಿಗೆ. ಮಗನ ಹೆಸರಿಗೆ ಬಂದ ಕಾಗದ ಮಗನಿಗೆ ಬೇಡ ಅಂದ್ರೆ ಅಪ್ಪನ ಕೈಗೆ, ಅಪ್ಪನಿಗೂ ಬೇಡ ಅಂದ್ರೆ ಅಜ್ಜನ ಕೈಗೆ. ಫ್ಯಾಟಿನದು ಸಾದಾ ಟೆಕ್ಸ್ಟ್ ಬಾಕ್ಸ್, ಅದಕ್ಕೆ ಚಕ್ರದಿಂದ ಏನೂ ಆಗಬೇಕಾಗಿಲ್ಲ. ಕಾಗದ ಮೇಲೆ ಹೋಗಿ ಫಾರ್ಮ್ ಸ್ಕ್ರೋಲ್ ಆಗುತ್ತೆ. ಆದರೆ ಲೀಟರಿಗೆ ಇಟ್ಟಿದ್ದು ನ್ಯೂಮರಿಕ್ ಅಪ್‌ಡೌನ್ ಅನ್ನೋ ಡಬ್ಬಿ, ಪಕ್ಕದಲ್ಲಿ ಪುಟ್ಟ ಮೇಲೆ ಕೆಳಗೆ ಬಾಣ ಇರುತ್ತಲ್ಲ ಅದು. ಅದು ಚಕ್ರದ ಕಾಗದವನ್ನ ತಾನೇ ಒಡೆದು ಓದಿಕೊಳ್ಳುತ್ತೆ. ಕಾಂಬೋ ಬಾಕ್ಸೂ ಅದೇ ಜಾತಿ, ಅದಕ್ಕೇ ಹಸು ಎಮ್ಮೆಯಾಗಿದ್ದು.

ಮೂರು ಯಾಕೆ? ಚಕ್ರದ ಒಂದು ಹಲ್ಲಿಗೆ ಎಷ್ಟು ಸಾಲು ಸರಿಯಬೇಕು ಅಂತ ವಿಂಡೋಸಿನಲ್ಲಿ ಒಂದು ಸೆಟ್ಟಿಂಗ್ ಇದೆ, ಅದು ತಾನಾಗಿ ಇರೋದು 3. ಪತ್ರ ಓದುವಾಗ ಮೂರು ಸಾಲು ಸರಿದರೆ ಹಿತ. ವಿಂಡೋಸ್ ಫಾರ್ಮ್ಸಿನ ನ್ಯೂಮರಿಕ್ ಅಪ್‌ಡೌನ್ ಅದೇ ಮೂರನ್ನು ಎತ್ತಿಕೊಂಡು ತನ್ನ ಬಾಣವನ್ನ ಮೂರು ಸಲ ಒತ್ತಿದ ಹಾಗೆ ನಡ್ಕೊಳ್ಳುತ್ತೆ. ಒಂದು ಒತ್ತಿಗೆ 0.1 ಅಂತ ಪ್ರೋಗ್ರಾಮರ್ ಇಟ್ಟಿದ್ದಾನೆ. ಒಂದು ಹಲ್ಲಿಗೆ 0.3 ಲೀಟರ್ ಹಾಲು. ಕೆಳಗೆ ತಿರುಗಿಸಿದರೆ ರೈತನಿಗೆ ನಷ್ಟ, ಸೇವ್ ಆದ ಮೇಲೆ ಮೇಲಕ್ಕೆ ತಿರುಗಿಸುವಾಗ ಅಷ್ಟರಲ್ಲಿ ಮುಂದಿನವರ ತೂಕ ಬಂದು ಕೂತಿದ್ದರೆ ಅವರಿಗೆ ಲಾಭ. ಲೀಟರಿಗೆ ಮೂವತ್ತು ರೂಪಾಯಿ ಅಂತ ಹಿಡಿದರೂ 9 ರೂಪಾಯಿ. ನಮಗೆ ನಿಮಗೆ ಅದು ಸಿಗ್ನಲ್ಲಿನಲ್ಲಿ ಚಿಲ್ಲರೆ. ದಿನಕ್ಕೆ ಏಳು ಲೀಟರ್ ಹಾಕೋ ಮನೆಯಲ್ಲಿ ಆ ಒಂಬತ್ತು ರೂಪಾಯಿಗೆ ಒಬ್ಬಳ ಮಾನ ಹೋಗುತ್ತೆ.

ಕಂಪನಿಯವರ ಆಫೀಸಿನಲ್ಲಿ ಯಾಕೆ ಕಾಣಲಿಲ್ಲ ಅನ್ನೋದಕ್ಕೆ ದೊಡ್ಡ ತನಿಖೆ ಬೇಕಾಗಿಲ್ಲ. ನಮ್ಮಂಥವರ ಡೆಸ್ಕಿನ ಮೇಲೆ ಮಾನಿಟರ್ ದೊಡ್ಡದು, ಅಲ್ಲಿ ಸೇವ್ ಬಟನ್ ಮುಳುಗಲ್ಲ, ಬೆನ್ನ ಹಿಂದೆ ಬಸ್ಸಿಗೆ ಹೊತ್ತಾಯ್ತು ಅನ್ನೋರೂ ಇಲ್ಲ.

ಸೋಮವಾರದ ಮೀಟಿಂಗಿಗೆ ರಜ ಹಾಕಿ ಉಳಿದೆ. ಪ್ರೊಜೆಕ್ಟರ್ ಗಿಜೆಕ್ಟರ್ ಏನಿಲ್ಲ. ಅದೇ ಕೌಂಟರಿನ ಮಾನಿಟರನ್ನ ಜನರ ಕಡೆ ತಿರುಗಿಸಿದೆ. ಒಂದು ಬಕೆಟ್ ನೀರು ತೂಕಕ್ಕಿಟ್ಟೆ. "ಯಾರಾದ್ರೂ ಒಬ್ಬರು ಬಂದು ಈ ಚಕ್ರ ತಿರುಗಿಸಿ" ಅಂದೆ. ಯಾರು ಬಂದರು ಗೊತ್ತಾ? ಜಾಸ್ತಿ ಕೂಗಾಡಿದ್ದ ದೊಡ್ಡಪ್ಪನೇ ಬಂದರು. ಟೊಮೊಟೊ ಬಿಡಿಸಿ ಬಂದ ಒರಟು ಬೆರಳಿನಲ್ಲಿ ಒಂದು ಹಲ್ಲು ತಿರುಗಿಸಿದರು. 0.3 ಇಳಿಯಿತು. ಇನ್ನೊಂದು ಹಲ್ಲು, 0.6. ಮೇಲಕ್ಕೆ ತಿರುಗಿಸಿ ಅಂದೆ. ಏರಿತು. ದೊಡ್ಡಪ್ಪ ಚಕ್ರವನ್ನ ಗಿರ್ರನೆ ತಿರುಗಿಸಿ, ಬಕೆಟ್ ನೀರನ್ನ ಮೂವತ್ತು ಲೀಟರ್ ಮಾಡಿ, "ಅಯ್ಯೋ ಇದರ" ಅಂತ ಒಂದು ಬೈಗುಳ ಹೇಳಿದರು. ಎಲ್ಲರೂ ನಕ್ಕರು. ಹುಡುಗಿ ನಗಲಿಲ್ಲ. ಎದ್ದು ಹಿಂದಿನ ಬಾಗಿಲಿನಿಂದ ಹೊರಗೆ ಹೋದಳು. ಹಾಲಿನ ಕ್ಯಾನ್ ತೊಳೆಯೋ ತೊಟ್ಟಿ ಹತ್ತಿರ ಅವಳಮ್ಮ ನಿಂತಿದ್ದರು. ನಾನು ಆ ಕಡೆ ನೋಡಲಿಲ್ಲ.

ತಕ್ಷಣದ ರಿಪೇರಿಗೆ ನಮ್ಮ ಹತ್ತಿರ ಸೋರ್ಸ್ ಕೋಡ್ ಇಲ್ಲ. ಇದ್ದಿದ್ದರೆ ಒಂದೇ ಸಾಲು: ಆ ಡಬ್ಬಿಯ ಮೌಸ್‌ವೀಲ್ ಇವೆಂಟಿನಲ್ಲಿ ಹ್ಯಾಂಡಲ್ಡ್ ಅನ್ನೋದನ್ನ ಟ್ರೂ ಮಾಡಿದರೆ ಡಬ್ಬಿ ಕಾಗದ ಓದೋದು ಬಿಡುತ್ತೆ. ಕರೆಂಟಿನ ಕೆಲಸ ಮಾಡೋ ಹುಡುಗನೊಬ್ಬ ಜೇಬಿನಿಂದ ಕಪ್ಪು ಇನ್ಸುಲೇಷನ್ ಟೇಪ್ ತೆಗೆದು ಮೌಸಿನ ಚಕ್ರಕ್ಕೆ ಎರಡು ಸುತ್ತು ಸುತ್ತಿದ. ನನ್ನ ಇಷ್ಟು ವರ್ಷದ ಸರ್ವೀಸಿನಲ್ಲಿ ಇಷ್ಟು ಬೇಗ ಪ್ರೊಡಕ್ಷನ್ನಿಗೆ ಹೋದ ಫಿಕ್ಸ್ ಇನ್ನೊಂದಿಲ್ಲ. ಸ್ಕ್ರೋಲ್ ಬಾರ್ ಎಳೆದುಕೊಂಡು ಹೋದರಾಯ್ತು.

ಕಂಪನಿಗೆ ಅವತ್ತೇ ರಾತ್ರಿ ಮೇಲ್ ಬರೆದೆ. ಯಾವ ಮಾನಿಟರ್, ಯಾವ ಡಬ್ಬಿಯಲ್ಲಿ ಕರ್ಸರ್, ಎಷ್ಟು ಹಲ್ಲು, ಎಷ್ಟು ವ್ಯತ್ಯಾಸ, ಅಷ್ಟೇ. ಬೈಗುಳ ಬರೆಯೋಕೆ ಕೈ ಬರ್ತಿತ್ತು, ಬರೀಲಿಲ್ಲ. ಮೂರು ವಾರಕ್ಕೆ ಅಪ್‌ಡೇಟ್ ಬಂತು. ಚಕ್ರದ ತೊಂದರೆ ಹೋಗಿತ್ತು. ಆದರೆ ಲೀಟರಿನ ಡಬ್ಬಿಯನ್ನ ಅವರು ಇನ್ನೂ ಹಾಗೇ, ಕೈಯಲ್ಲಿ ತಿದ್ದೋ ಹಾಗೇ ಬಿಟ್ಟಿದ್ದಾರೆ. ನನ್ನನ್ನ ಕೇಳಿದರೆ ಅದು ತಪ್ಪು. ಯಂತ್ರ ಕೊಟ್ಟ ಅಂಕಿಯನ್ನ ಬಾಣ ಇರೋ ಡಬ್ಬಿಯಲ್ಲಿ ಇಡಲೇಬಾರದು. ಯಂತ್ರ ಕೆಟ್ಟ ದಿನ ಮಾತ್ರ ಕೈಯಲ್ಲಿ ಬರೆಯೋ ಬೇರೆ ದಾರಿ ಕೊಟ್ಟು, ಹಾಗೆ ಬರೆದದ್ದಕ್ಕೆ ಚೀಟಿಯಲ್ಲಿ ಒಂದು ಗುರುತು ಹಾಕಬೇಕು. ಇದನ್ನೂ ಬರೆದು ಕಳಿಸಿದ್ದೀನಿ. "ಮುಂದಿನ ರಿಲೀಸಿನಲ್ಲಿ ಪರಿಗಣಿಸುತ್ತೇವೆ" ಅಂತ ಉತ್ತರ ಬಂದಿದೆ. ಆ ವಾಕ್ಯವನ್ನ ನಾವೆಲ್ಲ ಎಷ್ಟು ಜನಕ್ಕೆ ಬರೆದಿದ್ದೀವಿ, ಅದರ ಅರ್ಥ ನಿಮಗೂ ಗೊತ್ತು.

ಲೆಕ್ಕದ ವಿಷಯ ಬೇರೆಯೇ ಪಂಚಾಯ್ತಿ ಆಯ್ತು. ಕ್ಯಾಲೆಂಡರ್ ತೋರಿಸಿದವರಿಗೆ ಮುಂದಿನ ಬಟವಾಡೆಯಲ್ಲಿ ವ್ಯತ್ಯಾಸ ಸೇರಿಸಿ ಕೊಡೋದು ಅಂತ ಕಮಿಟಿ ಒಪ್ಪಿತು. ಆಗ ಹಿಂದಿನಿಂದ ಯಾರೋ ಕೇಳಿದರು, "ಜಾಸ್ತಿ ಹೋಗಿರೋರ ಹತ್ರ ವಾಪಸ್ ಹಿಡೀತೀರಾ?" ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಜಾಸ್ತಿ ಬಂದವರ ಮನೆಯ ಕ್ಯಾಲೆಂಡರುಗಳು ಆ ವಾರ ಗೋಡೆಯಿಂದ ಕಾಣೆಯಾದವು ಅಂತ ಅಮ್ಮ ಹೇಳ್ತಿದ್ದಳು.

ಹೋದ ತಿಂಗಳು ಆ ಹುಡುಗಿ ಫೋನ್ ಮಾಡಿದ್ದಳು. ಪಕ್ಕದೂರಿನ ಡೈರಿಯಲ್ಲೂ ಇದೇ ಸಾಫ್ಟ್‌ವೇರ್, ಅಪ್‌ಡೇಟ್ ಇನ್ನೂ ಹಾಕಿಸಿಕೊಂಡಿಲ್ಲ, ಅಲ್ಲೂ ಚೀಟಿ ಜಗಳ ಶುರುವಾಗಿದೆಯಂತೆ. ಇವಳೇ ಗಾಡಿ ತಗೊಂಡು ಹೋಗಿ ನೋಡಿ ಬಂದಿದ್ದಾಳೆ.

"ಅಲ್ಲೂ ಅಗಲದ ಮಾನಿಟರ್ ಅಣ್ಣ" ಅಂದಳು. "ಟೇಪ್ ಸುತ್ತಿ ಬಂದೆ."